ಶಾಯಿ ಕಲೆಯ ಜೇಬು

ಅವಳಿಗೆ ಬುಗುರಿ ಎಂದು ಹೆಸರಿಟ್ಟವರು ಅವಳ ಅಜ್ಜಿ. ನಡೆಯಲು ಕಲಿಯುವ ಮೊದಲೇ ಓಡಲು ಶುರುಮಾಡಿದ ಕೂಸು ಅದು, ಕೂರಿಸಿದಲ್ಲಿ ಕೂರುತ್ತಿರಲಿಲ್ಲ, ನಿಲ್ಲಿಸಿದಲ್ಲಿ ನಿಲ್ಲುತ್ತಿರಲಿಲ್ಲ. ಮದುವೆಯಾಗಿ ಗಂಡನ ಮನೆಗೆ ಬಂದಾಗ ಈ ಅಡ್ಡಹೆಸರನ್ನು ಯಾರಿಗೂ ಹೇಳಬಾರದೆಂದು ತವರಿನವರನ್ನೆಲ್ಲ ಬೇಡಿಕೊಂಡಿದ್ದಳು. ಅವರೂ ಬಾಯಿ ಬಿಡಲಿಲ್ಲ. ಆದರೆ ಊಟಕ್ಕೆ ಕೂತವಳು ಉಪ್ಪು ತರಲೆಂದು ಎದ್ದು, ದಾರಿಯಲ್ಲಿ ಒಲೆ ಒರೆಸಿ, ಬಾಗಿಲ ಚಿಲಕ ಬಿಗಿ ಮಾಡಿ, ಬಟ್ಟೆ ಒಳಗೆ ತಂದು, ಕೊನೆಗೆ ಉಪ್ಪಿಲ್ಲದೆ ವಾಪಸು ಬಂದು ಕೂತದ್ದನ್ನು ನೋಡಿದ ಭಾವ, "ಇದೇನಮ್ಮ, ಒಳ್ಳೆ ಬುಗುರಿ ಥರ ತಿರುಗ್ತೀಯಾ!" ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು.

ಇಂಥವಳನ್ನು ಒಂದು ಕಾಲದಲ್ಲಿ ಗಾಜಿನ ಗೂಡಿನೊಳಗೆ ಕೂರಿಸಿದ್ದರು ಎಂದರೆ ನೀವು ನಂಬಬೇಕು. ದೊಡ್ಡ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವವರಿಗೆ ಚೀಟಿ ಹರಿದು ಕೊಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅದೇ ಸ್ಟೂಲು, ಅದೇ ಕಿಂಡಿ, ಮೂಗಿಗೆ ಹೊಗೆ. ಆ ದಿನಗಳನ್ನು ನೆನೆದರೆ ಇವತ್ತಿಗೂ ಅವಳ ಮೊಣಕಾಲು ತಾನಾಗಿಯೇ ಕುಣಿಯುತ್ತದೆ. ಅಲ್ಲಿಂದ ಅವಳನ್ನು ಬಿಡಿಸಿ ತಂದವಳು ಓರಗಿತ್ತಿ, ಅಂದರೆ ಆ ಭಾವನವರ ಹೆಂಡತಿ. ಬುಗುರಿ ಅವಳನ್ನು ಅಕ್ಕ ಎನ್ನುತ್ತಾಳೆ. ನಾವೂ ಹಾಗೇ ಅನ್ನೋಣ.

ಅಕ್ಕನದು ಬೇರೆಯೇ ಅಚ್ಚು. ಮಾತು ಕಡಿಮೆ, ಆಡಿದ ಮಾತು ಗಟ್ಟಿ. ಅವಳು ಕೌದಿ ಹೊಲಿಯುವವಳು. ಜನ ತಮ್ಮ ಮನೆಯವರ ಹಳೆಯ ಬಟ್ಟೆಗಳನ್ನು ಕಳಿಸುತ್ತಾರೆ. ತೀರಿಕೊಂಡ ಅಪ್ಪನ ಅಂಗಿಗಳು, ಅಜ್ಜಿಯ ಸೀರೆ, ಬೆಳೆದು ದೊಡ್ಡವಳಾದ ಮಗಳ ಪುಟ್ಟ ಫ್ರಾಕು. ಅಕ್ಕ ಅವನ್ನು ಚೌಕ ಚೌಕ ಕತ್ತರಿಸಿ, ಬಣ್ಣ ನೋಡಿ ಜೋಡಿಸಿ, ಕೈಹೊಲಿಗೆ ಹಾಕಿ ಹೊದೆಯುವ ಕೌದಿ ಮಾಡುತ್ತಾಳೆ. ಫೋಟೋ ತೆಗೆದು ಆನ್‌ಲೈನ್ ಅಂಗಡಿಗೆ ಏರಿಸುವುದು, ಬಂದವರಿಗೆ ಉತ್ತರ ಕೊಡುವುದು, ಪಾರ್ಸಲ್ ಕಟ್ಟಿ ಕಳಿಸುವುದು ಬುಗುರಿಯ ಪಾಲು. ಇವರ ಕೆಲಸಕ್ಕೆ, ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಅವನದೇ ಒಂದು ಬಾಡಿಗೆ ಕೋಣೆ. ಕೆಳಗೆ ಅವನು ಕೀಲಿ ಕೊರೆಯಲು ಶುರುಮಾಡಿದರೆ ಮೇಲೆ ಗುಂಡುಸೂಜಿಗಳು ಡಬ್ಬಿಯೊಳಗೆ ಝಣಝಣ ಎನ್ನುತ್ತಿದ್ದವು.

ಆ ಕೋಣೆಯಲ್ಲಿ ಅಕ್ಕನ ಪದ್ಧತಿಯೊಂದಿತ್ತು. ಕೌದಿಗೆ ಎಲ್ಲ ಬಟ್ಟೆಯೂ ಒಗ್ಗುವುದಿಲ್ಲ. ಕಾಲರು, ಗುಂಡಿಪಟ್ಟಿ, ಮಡಿಚಿ ಹೊಲಿದ ಅಂಚು, ಜೇಬು, ಇವೆಲ್ಲ ದಪ್ಪ. ಸೂಜಿ ಇಳಿಯುವುದಿಲ್ಲ, ಹೊದ್ದವರ ಮೈಗೆ ಒತ್ತುತ್ತದೆ. ಹಾಗೆ ಉಳಿದದ್ದನ್ನೆಲ್ಲ, ಬೆರಳಗಲದ ಚೂರನ್ನೂ ಬಿಡದೆ, ಗಂಟು ಕಟ್ಟಿ ಕೌದಿಯ ಜೊತೆಗೇ ವಾಪಸು ಕಳಿಸಬೇಕು.

"ಬಟ್ಟೆ ನಮ್ದಲ್ಲ ಕಣೇ, ಹೊಲಿಗೆ ಮಾತ್ರ ನಮ್ದು" ಎನ್ನುವಳು ಅಕ್ಕ. ಗಂಟನ್ನು ತಾನೇ ಕಟ್ಟುವಳು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು, ಆರ್ಡರು ಬರುತ್ತಿರುವವರೆಗೆ. ಆಮೇಲೆ ಬರುವುದು ಕಡಿಮೆಯಾಯಿತು. ಯೋಚಿಸಿ ನೋಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸೋಪಿನ ಹಾಗೆ ಕರಗಿಹೋಗುವ ವಸ್ತುವಲ್ಲ ಕೌದಿ. ಒಂದು ಮನೆಯವರು ಜೀವಮಾನದಲ್ಲಿ ಒಂದು ಮಾಡಿಸಿದರೆ ಹೆಚ್ಚು. ಬುಗುರಿ ದಿನಕ್ಕೆ ನೂರು ಸಲ ಫೋನು ತೆಗೆದು ನೋಡುವಳು, ಅಂಗಡಿಯ ಪುಟವನ್ನು ಬೆರಳಿನಿಂದ ಕೆಳಗೆಳೆದು ಬಿಡುವಳು, ಮತ್ತೆ ಎಳೆಯುವಳು. ಏನೂ ಇರುತ್ತಿರಲಿಲ್ಲ. ಬಂದರೆ ಆ ಜಾಲತಾಣದವರ ಉಪದೇಶ ಬರುತ್ತಿತ್ತು: ನಿಮ್ಮ ಅಂಗಡಿಯಲ್ಲಿ ಬಹಳ ದಿನದಿಂದ ಹೊಸದೇನೂ ಇಲ್ಲ, ಹೊಸ ಸಾಮಾನು ಸೇರಿಸಿ. ಹೇಳುವುದಕ್ಕೇನು, ಆ ಯಂತ್ರಕ್ಕೆ ಕೈಯೂ ಇಲ್ಲ, ಸೂಜಿ ಚುಚ್ಚಿಕೊಳ್ಳುವ ಬೆರಳೂ ಇಲ್ಲ. ಆದರೆ ಬುಗುರಿಯ ತಲೆಗೆ ಹುಳ ಬಿಡಲು ಅಷ್ಟು ಸಾಕಾಯಿತು. ಅಂಗಡಿ ಮುಚ್ಚಿದರೆ ಮತ್ತೆ ಆ ಗಾಜಿನ ಗೂಡು. ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು.

"ಅಕ್ಕ, ನಾವು ಬೇರೆ ಬೇರೆ ಥರದ್ದು ಮಾಡಬೇಕು. ಬರೀ ಕೌದಿ ನಂಬ್ಕೊಂಡು ಕೂತ್ರೆ ಆಗಲ್ಲ."

"ಮಾಡು. ಯಾರು ಬೇಡ ಅಂದ್ರು? ನನಗೆ ಬರೋದು ಇದೊಂದೇ."

ಮಾಡಿದಳು. ಮೊದಲು ಮೇಣದ ಬತ್ತಿ. ಮೇಣ ಕಾಯಿಸಿದ ಪಾತ್ರೆ ಮತ್ತೆ ಅಡುಗೆಗೆ ಬರಲಿಲ್ಲ. ಬತ್ತಿಗಳು ಪಾರ್ಸಲಿನೊಳಗೇ ಬಿಸಿಲಿಗೆ ಬಾಗಿ, ಕೊಂಡವರು "ಇದು ಊರುಗೋಲೋ ಬತ್ತಿಯೋ" ಎಂದು ಬರೆದರು. ಆಮೇಲೆ ಸೋಪು. ಅದನ್ನು ಕೌದಿಯ ಬೀರುವಿನಲ್ಲೇ ಒಣಗಲು ಇಟ್ಟು, ಒಂದು ಕೌದಿಗೆ ಗಂಧದ ವಾಸನೆ ಹತ್ತಿ, ಅದನ್ನು ಗಾಳಿಗೆ ಹರವಿ ಹರವಿ ಅಕ್ಕ ಮೂಗು ಮುರಿದಳು. ಆಮೇಲೆ ಗುಂಡಿಗಳಿಂದ ಓಲೆ. ಬುಗುರಿಯ ಗಂಡ, ಲಿಫ್ಟ್ ರಿಪೇರಿ ಮಾಡುವವನು, ಅದನ್ನು ಕೈಯಲ್ಲಿ ಹಿಡಿದು, "ಇದನ್ನ ಹಾಕ್ಕೊಂಡು ಲಿಫ್ಟಲ್ಲಿ ನಿಂತ್ರೆ ಯಾರಾದ್ರೂ ಗುಂಡಿ ಅಂತ ಒತ್ತಿಬಿಡ್ತಾರೆ" ಎಂದು ನಕ್ಕ. ಅವಳು ಎರಡು ದಿನ ಮಾತು ಬಿಟ್ಟಳು.

ಕೊನೆಗೆ ಕೈ ಹಿಡಿದದ್ದು ಪರ್ಸು. ಅಂಗೈಯಷ್ಟಗಲದ, ಜಿಪ್ಪು ಇರುವ ತುಂಡುಬಟ್ಟೆಯ ಪರ್ಸು. ಬೀದಿ ಕೊನೆಯ ದರ್ಜಿಯಿಂದ ಚೂರು ಬಟ್ಟೆ ತಂದು ಕೆಲವನ್ನು ಹೊಲಿದು ಹಾಕಿದಳು. ಒಂದೊಂದಾಗಿ ಹೋದವು. ಆದರೆ ಕೊಂಡವರು ಒಂದು ಮಾತು ಬರೆಯುತ್ತಿದ್ದರು: ನಿಮ್ಮ ಕೌದಿಯ ಫೋಟೋಗಳಲ್ಲಿ ಕಾಣುವಂಥ ಹಳೆಯ, ಮೆತ್ತನೆಯ ಬಟ್ಟೆಯದು ಇಲ್ಲವೇ? ದರ್ಜಿಯ ಚೂರುಗಳೋ ಹೊಸವು, ಗಂಜಿ ಹಾಕಿದ ಹಾಗೆ ಬಿರುಸು. ಎಷ್ಟೋ ಸಲ ಒಗೆದು, ಎಷ್ಟೋ ಬಿಸಿಲು ಕಂಡ ಬಟ್ಟೆಗೆ ಬರುವ ಮೆದು ಎಲ್ಲಿಂದ ತರುವುದು?

ಅಂಥದ್ದು ಇದ್ದದ್ದು ಕಪಾಟಿನ ಮೇಲೆ. ಅಕ್ಕ ಕಟ್ಟಿಟ್ಟ ಗಂಟಿನಲ್ಲಿ.

ಆ ಮಧ್ಯಾಹ್ನ ಅಕ್ಕ ಹಲ್ಲಿನ ವೈದ್ಯರ ಬಳಿ ಹೋಗಿದ್ದಳು. ಬುಗುರಿ ಪಾರ್ಸಲ್ ಕಟ್ಟಲು ಕೂತು, ಎದ್ದು, ಕಿಟಕಿಯಿಂದ ಬೀದಿ ನೋಡಿ, ಮತ್ತೆ ಕೂತು, ಗಂಟು ಬಿಚ್ಚಿದಳು. ಸುಮ್ಮನೆ ನೋಡಲು, ಎಂದುಕೊಂಡಳು. ಕಾಲರುಗಳ ನಡುವೆ ಒಂದು ಜೇಬಿತ್ತು. ತಿಳಿನೀಲಿ ಗೀಟಿನ ಅಂಗಿಯದು, ಒಗೆದು ಒಗೆದು ಹೂವಿನ ದಳದಂತಾಗಿತ್ತು. ಕೆಳಮೂಲೆಯಲ್ಲಿ ಶಾಯಿಯ ಕಲೆ, ಪೆನ್ನಿನ ಮುಚ್ಚಳ ಹಾಕದವರ ಜೇಬಿನಲ್ಲಿ ಆಗುವಂಥದು. ಪರ್ಸಿನ ಮುಂಭಾಗಕ್ಕೆ ಹೇಳಿ ಮಾಡಿಸಿದಂತಿತ್ತು. ಇಷ್ಟು ಬಟ್ಟೆಯಲ್ಲಿ ಒಂದು ಜೇಬು ಇಲ್ಲದಿದ್ದರೆ ಯಾರಿಗೆ ತಿಳಿಯುತ್ತದೆ? ಕೌದಿ ಸಿಕ್ಕಿದ ಸಂತೋಷದಲ್ಲಿ ಕಸದಂಥ ಗಂಟನ್ನು ಯಾರು ಬಿಚ್ಚಿ ನೋಡುತ್ತಾರೆ? ಹೀಗೆ ತನಗೆ ತಾನೇ ಹೇಳಿಕೊಂಡು, ಗಂಟನ್ನು ಅಕ್ಕ ಕಟ್ಟಿದ ಹಾಗೆಯೇ ಕಟ್ಟಿದಳು.

ಪರ್ಸು ಮುದ್ದಾಗಿ ಬಂತು. ಫೋಟೋ ಹಾಕಿದ್ದೇ ತಡ, ಇದೇ ಊರಿನ ಒಬ್ಬಳು ಕೊಂಡಳು. ಅಂಥದ್ದೇ ಬೇಕೆಂದು ಬೇರೆಯವರು ಕೇಳತೊಡಗಿದರು. ಬುಗುರಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅಕ್ಕ ಕತ್ತರಿ ಎತ್ತಿದಾಗೆಲ್ಲ ಇವಳಿಗೆ ಬೇರೆಲ್ಲೋ ಕೆಲಸ ನೆನಪಾಗುತ್ತಿತ್ತು.

ಫೋನು ಬಂದದ್ದು ಅಕ್ಕನಿಗೆ. ಬುಗುರಿ ಅಳತೆ ಟೇಪು ಸುತ್ತುತ್ತಿದ್ದಳು.

"ಹೇಳಿ ಅಮ್ಮ... ಹೌದು, ಕೌದಿ ಚೆನ್ನಾಗಿದೆಯಾ? ... ಜೇಬಾ? ... ಇಲ್ಲಮ್ಮ, ಸಾಧ್ಯವೇ ಇಲ್ಲ. ನಾನೇ ಕೈಯಾರೆ ಕಟ್ಟಿದ್ದು. ಒಂದೇ ಥರದ ಬಟ್ಟೆ ಎಷ್ಟೋ ಇರುತ್ತೆ. ... ನಮ್ಮಲ್ಲಿ ಅಂಥ ಕೆಲಸ ನಡೆಯಲ್ಲ. ನನ್ನ ಮಾತು ನಂಬಿ. ನಮ್ಮ ಹುಡುಗಿ ಮೇಲೆ ಆಣೆ ಮಾಡಿ ಹೇಳ್ತೀನಿ."

ನಮ್ಮ ಹುಡುಗಿ ಎಂದರೆ ಬುಗುರಿ. ಅಕ್ಕನಿಗೆ ಮಕ್ಕಳಿರಲಿಲ್ಲ. ಟೇಪು ಕೈಯಿಂದ ಜಾರಿ ನೆಲದುದ್ದಕ್ಕೂ ಬಿಚ್ಚಿಕೊಂಡಿತು.

ಫೋನಿಟ್ಟ ಅಕ್ಕ ಹೇಳಿದಳು, "ಪಾಪ, ತೀರಿಕೊಂಡ ಗಂಡನ ಬಟ್ಟೆ ಕಳಿಸಿದ್ದೋರು. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬರ್ಕೊಂಡು ಬರ್ತಿದ್ರಂತೆ ಅವರು. ತಂಗಿಗೆ ನಮ್ಮ ಅಂಗಡಿ ತೋರಿಸೋಕೆ ಅಂತ ಫೋನ್ ತೆಗೆದ್ರೆ, ಯಾವುದೋ ಪರ್ಸ್ ಮೇಲೆ ಗಂಡನ ಜೇಬು ಕಾಣಿಸ್ತಂತೆ. ಶಾಯಿ ಕಲೆ ಕೂಡ ಅದೇ ಅಂತಾರೆ. ದುಃಖದಲ್ಲಿ ಹಾಗೆಲ್ಲ ಅನ್ಸುತ್ತೆ."

ಬುಗುರಿ ಕಿಟಕಿಯ ಹತ್ತಿರ ಹೋದಳು. ಬಾಗಿಲ ಹತ್ತಿರ ಬಂದಳು. ಸುಮ್ಮನಿದ್ದುಬಿಟ್ಟರೆ ಆಗುತ್ತಿತ್ತು, ಅಕ್ಕ ನಂಬಿಸಿಯೂ ಆಗಿತ್ತು. ಆದರೆ ಅಕ್ಕ ಆಣೆ ಇಟ್ಟದ್ದು ತನ್ನ ಮೇಲೆ.

"ಅಕ್ಕ, ಅದು ಅದೇ ಜೇಬು. ನಾನೇ ಗಂಟು ಬಿಚ್ಚಿ ತಗೊಂಡೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕತ್ತರಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಮೇಜಿನ ಖಾನೆಗೆ ಹಾಕಿದಳು.

"ಆ ಜೇಬು ಆಯಮ್ಮನ ಕೈ ಸೇರೋ ತನಕ ನಾನು ಇದನ್ನ ಮುಟ್ಟಲ್ಲ. ಸೇರದಿದ್ರೆ ಈ ಕೋಣೆ ಬೀಗ ಹಾಕಿ ಕೆಳಗಿನೋನಿಗೆ ಕೊಟ್ಟುಬಿಡೋಣ."

ಬುಗುರಿ ಚಪ್ಪಲಿ ಮೆಟ್ಟಿದ್ದು ಬಲ ಎಡ ನೋಡದೆ. ಪರ್ಸು ಹೋದ ವಿಳಾಸ ಅವಳ ಬಳಿ ಇತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಕಂಬ ಹಿಡಿದು ನಿಂತು, ಪ್ರತಿ ನಿಲ್ದಾಣದಲ್ಲೂ ಬಗ್ಗಿ ಹೊರಗೆ ನೋಡಿದಳು. ಆ ಮನೆಗೆ ಬೀಗ. ಪಕ್ಕದ ಮನೆಯವರು ಅವಳು ನರ್ಸು, ಡ್ಯೂಟಿಯಲ್ಲಿದ್ದಾಳೆ ಎಂದರು. ಅಲ್ಲಿಂದ ಆಸ್ಪತ್ರೆಗೆ. ಮೊದಲ ಮಹಡಿಯಲ್ಲಿ ಕೇಳಿದರೆ ಮೂರನೆಯದು ಎಂದರು, ಅಲ್ಲಿ ಕೇಳಿದರೆ ಕೆಳಗೆ ಎಂದರು. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ಬ್ಯಾಂಡೇಜು ಕಟ್ಟುವ ಕೋಣೆಯ ಬಾಗಿಲಲ್ಲಿ ಆ ನರ್ಸು ಸಿಕ್ಕಳು. ದುಂಡು ಮುಖದ ಹುಡುಗಿ, ಕೈಯೆಲ್ಲ ಔಷಧದ ವಾಸನೆ.

ಏದುಸಿರು ಬಿಡುತ್ತಲೇ ಬುಗುರಿ ಎಲ್ಲ ಹೇಳಿದಳು. ಮುಚ್ಚಿಡಲಿಲ್ಲ. ಬದಲಿಗೆ ಬೇರೆ ಪರ್ಸು, ಬೇಕಾದರೆ ಎರಡು ಕೊಡುತ್ತೇನೆಂದಳು.

"ಅಯ್ಯೋ, ಅದಕ್ಕೇನು, ತಗೊಳ್ಳಿ" ಎಂದು ಆ ಹುಡುಗಿ ಕೂಡಲೇ ಪರ್ಸು ತೆಗೆದು, ಒಳಗಿದ್ದ ಹೇರ್‌ಪಿನ್ನು, ಮಾತ್ರೆ, ಚಿಲ್ಲರೆ ಎಲ್ಲವನ್ನೂ ಕೋಟಿನ ಜೇಬಿಗೆ ಸುರಿದುಕೊಂಡಳು. "ನಾನು ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀನಿ ನೋಡಿ. ಮೂಲೇಲಿ ಕಲೆ ಇತ್ತಲ್ಲ, ಅದನ್ನೂ ತೆಗೆದುಬಿಟ್ಟೆ! ಹತ್ತಿಗೆ ಸ್ಪಿರಿಟ್ ಹಾಕಿ ಸ್ವಲ್ಪ ಸ್ವಲ್ಪವೇ ಒರೆಸಿದೆ. ಗುರುತೇ ಇಲ್ಲ."

ನಿಜ, ಗುರುತೇ ಇರಲಿಲ್ಲ. ಬುಗುರಿ ಆ ಮೂಲೆಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಉಗುರಿನಿಂದ ಮುಟ್ಟಿದಳು. ಹುಡುಗಿಯ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಕಳೆಯಿತ್ತು. ಥ್ಯಾಂಕ್ಸ್ ಎಂದು ಹೇಳಿ ಹೊರಟುಬಂದಳು.

ಕೋಣೆಗೆ ಬಂದು ಪರ್ಸನ್ನು ಮೇಜಿನ ಮೇಲಿಟ್ಟಾಗ ಅಕ್ಕ ಮೊದಲು ನೋಡಿದ್ದೂ ಮೂಲೆಯನ್ನೇ.

"ಕಲೆ ಎಲ್ಲಿ?"

ಬುಗುರಿ ಹೇಳಿದಳು. ಅಕ್ಕ ಕುರ್ಚಿಯ ಮೇಲೆ ಕುಸಿದಳು. ಅವಳ ಮುಖ ಹಾಗೆ ಬಿಳಿಚಿಕೊಂಡದ್ದನ್ನು ಬುಗುರಿ ಯಾವತ್ತೂ ಕಂಡಿರಲಿಲ್ಲ. ಅಕ್ಕನ ಕೈ ಮೆಲ್ಲಗೆ ಮುಂದೆ ಹೋಯಿತು, ಪಾರ್ಸಲಿನ ಮೇಲೆ ವಿಳಾಸ ಬರೆಯುವ ಪೆನ್ನನ್ನು ಎತ್ತಿಕೊಂಡಿತು.

"ಒಂದು ಚುಕ್ಕೆ ಇಟ್ಟು, ಮೇಲೆ ನೀರು ಮುಟ್ಟಿಸಿದ್ರೆ ಹರಡುತ್ತೆ" ಎಂದಳು, ಯಾರನ್ನೂ ನೋಡದೆ. "ಜೇಬು ಇಲ್ಲೇ ಜಾರಿ ಬಿದ್ದಿತ್ತು, ಪರ್ಸಿನದು ಬೇರೆ ಬಟ್ಟೆ ಅಂದ್ರಾಯ್ತು. ನಾನು ಆಣೆ ಮಾಡಿಬಿಟ್ಟಿದ್ದೀನಿ ಕಣೇ. ಇಷ್ಟು ವರ್ಷದಲ್ಲಿ ಒಬ್ಬರ ಹತ್ರಾನೂ ನನ್ನ ಮಾತು ಸುಳ್ಳಾಗಿಲ್ಲ."

ಇದನ್ನು ಕೇಳುವುದಕ್ಕಿಂತ ನೆಲ ಬಿರಿದು ಒಳಗೆ ಹೋಗುವುದು ಮೇಲಿತ್ತು. ಅಕ್ಕ ಹೇಳಿದ ಹಾಗೆ ಮಾಡಿದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವುದೂ ಬುಗುರಿಗೆ ಗೊತ್ತಿತ್ತು. ಕತ್ತರಿ ಹೊರಗೆ ಬರುತ್ತಿತ್ತು, ಕೋಣೆ ಉಳಿಯುತ್ತಿತ್ತು, ಗಾಜಿನ ಗೂಡು ದೂರವಾಗುತ್ತಿತ್ತು. ಅಕ್ಕ ಮಾತ್ರ ಆಮೇಲೆ ಅಕ್ಕನಾಗಿ ಇರುತ್ತಿರಲಿಲ್ಲ. ಬುಗುರಿ ಪೆನ್ನನ್ನು ಕಿತ್ತುಕೊಂಡಳು.

"ಬೇಡ ಅಕ್ಕ. ಕದ್ದೋಳು ನಾನು. ನನ್ನಿಂದ ನೀವು ಹಾಳಾಗಬೇಡಿ. ನಾನೇ ಹೋಗಿ ಹೇಳ್ತೀನಿ, ಬೈದ್ರೆ ಬೈಸ್ಕೊಳ್ತೀನಿ."

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. "ತಾಳು, ನಾನೂ ಬರ್ತೀನಿ."

ಆಯಮ್ಮನ ಮನೆ ಎರಡನೆಯ ಮಹಡಿಯಲ್ಲಿತ್ತು. ಚಿಕ್ಕ ಕೋಣೆ, ಮಂಚದ ಮೇಲೆ ಕೌದಿ ನಾಲ್ಕಾಗಿ ಮಡಿಸಿಟ್ಟಿತ್ತು. ಅವರು ಇಬ್ಬರನ್ನೂ ಕೂರಿಸಿ, ನೀರು ಕೊಟ್ಟು, ತಾವು ನಿಂತೇ ಇದ್ದರು. ಬುಗುರಿಗೆ ಎದ್ದು ಓಡಿಹೋಗಬೇಕೆನ್ನಿಸಿತು. ನೀರು ಅರ್ಧ ಕುಡಿದು, ಲೋಟ ಇಟ್ಟು, ಮತ್ತೆ ಎತ್ತಿ, ಕೊನೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು: ಗಂಟು ಬಿಚ್ಚಿದ್ದು, ಮಾರಿದ್ದು, ನರ್ಸು ಕಲೆ ತೆಗೆದದ್ದು.

"ನೀವು ಫೋನಲ್ಲಿ ಆಣೆ ಮಾಡಿದ್ರಲ್ಲ" ಎಂದರು ಆಯಮ್ಮ, ಅಕ್ಕನ ಕಡೆ ತಿರುಗಿ.

"ಮಾಡಿದ್ದೆ. ನಮ್ಮಿಂದ ತಪ್ಪಾಯ್ತು" ಎಂದಳು ಅಕ್ಕ. ಅವಳಿಂದ ಎನ್ನಲಿಲ್ಲ.

ಅಕ್ಕ ಮುಂದಿಟ್ಟ ಪರ್ಸನ್ನು ಆಯಮ್ಮ ಬುಗುರಿಯ ಕೈಗೇ ಕೊಟ್ಟು, ಬಿಚ್ಚಿ ಎಂದರು. ಬುಗುರಿ ತನ್ನದೇ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಸಣ್ಣ ಸಣ್ಣ ಹೊಲಿಗೆ, ಗಟ್ಟಿಯಾಗಿ ಬರಲೆಂದು ಎರಡೆರಡು ಸಲ ಹಾಕಿದ್ದು. ಜಿಪ್ಪು ಕಳಚಿತು, ಅಸ್ತರು ಕಳಚಿತು, ಕೊನೆಗೆ ಜೇಬು ಬರೀ ಜೇಬಾಯಿತು. ಆಯಮ್ಮ ಅದನ್ನು ತೆಗೆದುಕೊಂಡು ಮೂಲೆಯ ಮೇಲೆ ಹೆಬ್ಬೆರಳಾಡಿಸಿದರು.

"ಯಾವುದರಲ್ಲಿ ತೆಗೆದ್ರಂತೆ?"

"ಸ್ಪಿರಿಟ್‌ನಲ್ಲಿ."

"ಸ್ಪಿರಿಟ್ಟಾ." ಅವರು ಮಂಚದ ಅಂಚಿಗೆ ಕೂತರು. "ನಾನು ನಿಂಬೆಹಣ್ಣು ಉಜ್ಜಿದೆ, ಹಾಲು ಹಾಕಿದೆ, ಕಲ್ಲಿಗೆ ಬಡಿದೆ. ಹೋಗಲಿಲ್ಲ. ಆ ಪೆನ್ನಿಗೊಂದು ಮುಚ್ಚಳ ಹಾಕೋಕೆ ಏನು ರೋಗ ನಿಮಗೆ ಅಂತ ದಿನಾ ಬೈತಿದ್ದೆ. ಕೊನೇ ಸಲ ಮನೆಯಿಂದ ಹೊರಟಾಗಲೂ ಅದನ್ನೇ ಅಂದು ಕಳಿಸಿದ್ದು." ಜೇಬನ್ನು ಮಡಿಲ ಮೇಲೆ ಹರವಿ ನೀವಿದರು. "ಇಷ್ಟು ಸುಲಭವಾಗಿ ಹೋಗೋ ಕಲೆಗೆ ಅಷ್ಟು ಬೈದೆನಾ ನಾನು?"

ಅಕ್ಕ ಅವರ ಪಕ್ಕಕ್ಕೆ ಹೋಗಿ ಕೂತಳು. ಆಯಮ್ಮ ಜೇಬನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟರು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಬಾಗಿಲವರೆಗೆ ಬಂದು, ಮೆಟ್ಟಿಲಲ್ಲಿ ದೀಪವಿಲ್ಲ, ನೋಡಿಕೊಂಡು ಇಳಿಯಿರಿ ಎಂದಷ್ಟೇ ಹೇಳಿದರು.

ಬಸ್ ನಿಲ್ದಾಣದಲ್ಲಿ ಬುಗುರಿ ಆಚೆ ಈಚೆ ನಡೆದಳು. ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ಕಾದಳು. ಪರ್ಸು ನಿಲ್ಲಿಸಿದ್ದಾಯಿತು, ಅಂಗಡಿಯ ಪುಟದಲ್ಲಿ ಮತ್ತೆ ಬರೀ ಕೌದಿಗಳೇ. ಮುಂದೆ ಏನು ಎನ್ನುವುದು ದೇವರಿಗೇ ಗೊತ್ತು.

"ಅಕ್ಕ, ನಾನು ಬೇರೆ ಕಡೆ ಕೆಲಸ ನೋಡ್ಕೊಳ್ಳಲಾ?"

"ನಾಳೆ ಬೆಳಿಗ್ಗೆ ಬೇಗ ಬಾ" ಎಂದಳು ಅಕ್ಕ. "ಮೊನ್ನೆ ಬಂದ ಬಟ್ಟೆ ಕತ್ತರಿಸಬೇಕು. ಇನ್ಮೇಲೆ ಗಂಟು ನೀನೇ ಕಟ್ಟು."

"ನಾನಾ? ನನ್ನ ಕೈಗೆ ಕೊಡ್ತೀರಾ ಅದನ್ನ?"

"ಇನ್ಯಾರಿಗೆ ಕೊಡ್ಲಿ? ನಾನು ಇಷ್ಟು ದಿನ ಪದ್ಧತಿ ಅಂತ ಕಟ್ತಿದ್ದೆ ಅಷ್ಟೆ. ಒಂದು ಚೂರು ಕಳೆದ್ರೆ ಏನು ಕಳೆಯುತ್ತೆ ಅಂತ ಇವತ್ತು ನೀನು ನೋಡಿದ್ದೀಯ."

ಒಂದು ಏಟು ಹಾಕಿದ್ದರೂ ಬುಗುರಿ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ. ನಿಂತ ಜನರ ನಡುವೆಯೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬಸ್ಸು ಬಂತು. ಅಕ್ಕ ಅವಳ ರಟ್ಟೆ ಹಿಡಿದು, "ಹತ್ತು, ಆಮೇಲೆ ಅಳುವಂತೆ, ಒಳಗೆ ಸೀಟಿದೆ" ಎಂದಳು.